ಮನೆಯಲ್ಲಿ ಆಮೆ ಸಾಕಬಹುದೇ?

ಭೀಮನಬೀಡಿನಂತಹ ಊರುಗಳಲ್ಲಿ ಹೊಲದ ಬೇಲಿಯಂಚಿನಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಮಕ್ಕಳು ಮನೆಗೆ ತರುವುದುಂಟು. ಅದೃಷ್ಟದ ಪ್ರಾಣಿಯೆಂದು ಹಿರಿಯರೂ ಸುಮ್ಮನಿರುತ್ತಾರೆ. ಆದರೆ ಆರೋಗ್ಯವಾಗಿ ಕಾಣುವ ಆಮೆಯ ಮಲದಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದು ಚಿಪ್ಪಿನಿಂದ ಕೈಗೆ, ಕೈಯಿಂದ ಬಾಯಿಗೆ ಸೇರಿದರೆ ಜ್ವರ, ಹೊಟ್ಟೆನೋವು, ಭೇದಿ ಬರುತ್ತವೆ. 5 ವರ್ಷದೊಳಗಿನ ಮಕ್ಕಳಿಗೂ ವೃದ್ಧರಿಗೂ ಅಪಾಯ ಹೆಚ್ಚು. ಈ ಕಾರಣಕ್ಕೇ ಅಮೆರಿಕದಲ್ಲಿ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲಾಯಿತು.

ನಮ್ಮಲ್ಲಿ ನಕ್ಷತ್ರ ಆಮೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಮುಟ್ಟಿದವರು ಸೋಪಿನಿಂದ ಕೈ ತೊಳೆಯಿರಿ. ಭೇದಿಯಾದರೆ ಓಆರ್‌ಎಸ್ ಕುಡಿಸಿ. ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆಮೆ ಮುಟ್ಟಿದ ಸಂಗತಿಯನ್ನು ಹೇಳಲು ಮರೆಯದಿರಿ.