ಔಷಧ ಸರಿಯಿದೆ, ಸೋಂಕು ಹೋಗುತ್ತಿಲ್ಲ

ಪ್ರಶ್ನೆ: ನನ್ನ ತಂದೆಗೆ 74 ವರ್ಷ. ಪ್ರಾಸ್ಟೇಟ್ ತೊಂದರೆಗೆ ಕೆಲವು ತಿಂಗಳಿಂದ ಕ್ಯಾತಿಟರ್ ಹಾಕಿದ್ದಾರೆ. ಮೂತ್ರದ ಕಲ್ಚರ್‌ನಲ್ಲಿ ಸೂಡೊಮೊನಾಸ್ ಬಂದಿದೆ. ವರದಿಯಲ್ಲಿ ‘ಸೆನ್ಸಿಟಿವ್’ ಎಂದಿರುವ ಆ್ಯಂಟಿಬಯಾಟಿಕ್ಕನ್ನೇ ಕೊಟ್ಟರೂ, ಕೋರ್ಸ್ ಮುಗಿದ ಕೆಲವೇ ದಿನಕ್ಕೆ ಮತ್ತೆ ಚಳಿಜ್ವರ. ಔಷಧ ಕಳಪೆಯದೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಔಷಧವನ್ನು ದೂರಬೇಡಿ. ಲ್ಯಾಬಿನಲ್ಲಿ ಔಷಧವನ್ನು ಪರೀಕ್ಷಿಸುವುದು ಬಿಡಿಬಿಡಿಯಾಗಿರುವ ಬ್ಯಾಕ್ಟೀರಿಯಾಗಳ ಮೇಲೆ. ಕ್ಯಾತಿಟರ್‌ನೊಳಗಿನವು ಅಂಟಿನ ಪದರ ಕಟ್ಟಿಕೊಂಡು ಕುಳಿತಿರುತ್ತವೆ. ಇದೇ ಬಯೋಫಿಲ್ಮ್. ತೊಳೆಯದ ನೀರಿನ ತೊಟ್ಟಿಯ ಒಳಗೋಡೆ ಮುಟ್ಟಿದರೆ ಕೈಗೆ ಹತ್ತುವ ಲೋಳೆಯೂ ಇದೇ ಜಾತಿಯದು.

ಕೊಳವೆಯ ಗೋಡೆ ತಾಗುತ್ತಲೇ ಸೂಡೊಮೊನಾಸ್‌ನೊಳಗೆ ಸೈಕ್ಲಿಕ್-ಡಿ-ಜಿಎಂಪಿ ಎಂಬ ರಾಸಾಯನಿಕ ಏರುತ್ತದೆ. ಆಗ ಈಜಾಟ ನಿಂತು, ಪೆಲ್, ಪಿಎಸ್ಎಲ್ ಎಂಬ ಜೀನ್ ಗುಂಪುಗಳು ಸಕ್ಕರೆ ಸರಪಳಿಯ ಅಂಟು ತಯಾರಿಗೆ ತೊಡಗುತ್ತವೆ. ಲಾಸ್-ಐ ಎಂಬ ಇನ್ನೊಂದು ಜೀನಿನದು ಸುದ್ದಿ ಹರಡುವ ಕೆಲಸ. ಅದರಿಂದ ತಯಾರಾಗುವ ಪುಟ್ಟ ಅಣುವನ್ನು ಪ್ರತಿ ಬ್ಯಾಕ್ಟೀರಿಯಾ ಹೊರಗೆ ಬಿಡುತ್ತದೆ. ಸಂಖ್ಯೆ ಬೆಳೆದಂತೆ ಅಣುವೂ ದಟ್ಟವಾಗಿ, ಒಂದು ಮಟ್ಟ ದಾಟಿದಾಗ ಲಾಸ್-ಆರ್ ಪ್ರೋಟೀನ್ ಅದನ್ನು ಹಿಡಿದು ಹಲವಾರು ಜೀನ್‌ಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಕೋರಂ ಇಲ್ಲದೆ ಗ್ರಾಮಸಭೆಯಲ್ಲಿ ನಿರ್ಣಯವಾಗುವುದಿಲ್ಲವಲ್ಲ, ಹಾಗೆಯೇ. 1998ರಲ್ಲಿ ಅಮೆರಿಕದ ಸಂಶೋಧಕರು ಲಾಸ್-ಐ ಕೆಟ್ಟ ಸೂಡೊಮೊನಾಸ್ ಬೆಳೆಸಿ ನೋಡಿದರು. ಪದರವೇನೋ ಆಯಿತು, ಆದರೆ ತೆಳ್ಳಗೆ, ಚಪ್ಪಟೆಯಾಗಿ; ಮಾರ್ಜಕ ಹಾಕಿದರೆ ಚದುರಿಹೋಗುವಷ್ಟು ದುರ್ಬಲ.

ಗಟ್ಟಿ ಪದರದ ಆಳದಲ್ಲಿರುವ ಬ್ಯಾಕ್ಟೀರಿಯಾಗಳು ಬೆಳೆಯುವುದನ್ನೇ ಬಹುತೇಕ ನಿಲ್ಲಿಸಿರುತ್ತವೆ. ಹೆಚ್ಚಿನ ಆ್ಯಂಟಿಬಯಾಟಿಕ್‌ಗಳು ಕೊಲ್ಲುವುದು ಬೆಳೆಯುತ್ತಿರುವವನ್ನು. ತೇಲಾಡುವವು ಸತ್ತು ಜ್ವರ ಇಳಿಯುತ್ತದೆ. ಒಳಗಿನವು ಉಳಿದು ಮತ್ತೆ ಹರಡುತ್ತವೆ.

ಹಾಗಾಗಿ ಮೊದಲು ಬದಲಾಗಬೇಕಾದ್ದು ಕೊಳವೆ. ಕ್ಯಾತಿಟರ್ ಹಾಕಿ ಎರಡು ವಾರ ದಾಟಿದ್ದು ಜ್ವರ ಬಂದರೆ, ಅದನ್ನು ತೆಗೆಸಿ, ಹೊಸದರ ಮೂಲಕ ಬಂದ ಮೂತ್ರವನ್ನೇ ಕಲ್ಚರ್‌ಗೆ ಕೊಡಿ. ಚೀಲದಲ್ಲಿ ನಿಂತ ಮೂತ್ರ ಕಳಿಸುವವರನ್ನು ಈಗಲೂ ನೋಡುತ್ತೇನೆ. ಅದು ದುಡ್ಡು ದಂಡ. ಜ್ವರ, ನೋವು ಏನೂ ಇಲ್ಲದೆ ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧವೇ ಬೇಡ. ಕ್ಯಾತಿಟರ್ ಇನ್ನೂ ಬೇಕೇ ಎಂದು ಯೂರಾಲಜಿಸ್ಟರನ್ನು ಕೇಳಿ. ಅದನ್ನು ಬಿಡಿಸುವುದಕ್ಕಿಂತ ಒಳ್ಳೆಯ ಚಿಕಿತ್ಸೆ ಇಲ್ಲ.

ಪ್ರಶ್ನೆ: ಬೆಳ್ಳುಳ್ಳಿ ತಿಂದರೆ ಬ್ಯಾಕ್ಟೀರಿಯಾಗಳ ಸಂದೇಶ ನಿಲ್ಲುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಜವೇ?
– ಒಬ್ಬ ಗೃಹಿಣಿ, ಹುಬ್ಬಳ್ಳಿ

ಉತ್ತರ: ಅರ್ಧ ನಿಜ. ಬೆಳ್ಳುಳ್ಳಿಯ ಅಜೋಯಿನ್ ಎಂಬ ಅಂಶ ಲ್ಯಾಬಿನಲ್ಲಿ ಸೂಡೊಮೊನಾಸ್‌ನ ಈ ಸಂದೇಶ ವ್ಯವಸ್ಥೆಯನ್ನು ತಗ್ಗಿಸುತ್ತದೆ. ಅಷ್ಟು ಮಾತ್ರಕ್ಕೆ ಒಗ್ಗರಣೆಯ ಬೆಳ್ಳುಳ್ಳಿ ಔಷಧವಾಗುವುದಿಲ್ಲ. ರುಚಿಗೆ ತಿನ್ನಿ. ಕ್ಯಾತಿಟರ್ ಇರುವವರಿಗೆ ನಡುಕದ ಜ್ವರ ಬಂದರೆ, ಮಾತು ತೊದಲಿದರೆ ಅಥವಾ ಮಂಪರು ಕವಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.