ಮನೋರೋಗಿಗೆ ದುಆ ಬೇಕು, ಔಷಧಿಯೂ ಬೇಕು

ಯಾರಾದರೂ ಸ್ವಲ್ಪ ವಿಚಿತ್ರವಾಗಿ ವರ್ತಿಸಿದರೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ಉತ್ತರ ಕರ್ನಾಟಕದಲ್ಲಿ ಹಾಸ್ಯ ಮಾಡುವುದುಂಟು. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಅಲ್ಲಿನ ಆಸ್ಪತ್ರೆ ಇಂದು ‘ಡಿಮ್ಹಾನ್ಸ್’ ಎಂಬ ದೊಡ್ಡ ಚಿಕಿತ್ಸಾ ಸಂಸ್ಥೆಯಾಗಿದೆ. ಆದರೆ ಹಾಸ್ಯ ಮಾತ್ರ ಬದಲಾಗಿಲ್ಲ. ಅದಕ್ಕೆ ಹೆದರಿ ಎಷ್ಟೋ ಮನೆಗಳಲ್ಲಿ ರೋಗಿಯನ್ನು ಬಚ್ಚಿಡಲಾಗುತ್ತದೆ.

ಚಿಕಿತ್ಸೆ ಪಡೆಯಬಹುದೇ ಎಂದು ಮರುಭೂಮಿಯ ಅರಬರು ಕೇಳಿದಾಗ ಪ್ರವಾದಿವರ್ಯರು(ಸ) ಪಡೆಯಿರೆಂದೇ ಆದೇಶಿಸಿದರು. ವೃದ್ಧಾಪ್ಯವೊಂದನ್ನುಳಿದು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನಿಟ್ಟಿರುವನೆಂದು ಕಲಿಸಿದರು. ಮನಸ್ಸಿನ ರೋಗವನ್ನು ಅವರು ಇದರಿಂದ ಹೊರಗಿಡಲಿಲ್ಲ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಾನವಿತ್ತು.

ನಾವಾದರೋ ತಾಯಿತ, ಮಂತ್ರಿಸಿದ ನೀರು ಎಂದು ವರ್ಷಗಳನ್ನು ಕಳೆಯುತ್ತೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯಗೃಹಕ್ಕೆ ಬೆಂಕಿ ಬಿದ್ದಿತು. ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ 28 ಮಂದಿ ಪ್ರಾಣ ಕಳೆದುಕೊಂಡರು. ಅಂತಹ ಕಡೆ ರೋಗಿಗಳನ್ನು ಬಿಟ್ಟುಬರುವವರು ಶತ್ರುಗಳಲ್ಲ, ವಾಸಿಯಾಗಲೆಂದು ಹಾರೈಸುವ ಬಂಧುಗಳೇ! 2017ರ ಮಾನಸಿಕ ಆರೋಗ್ಯ ಆರೈಕೆ ಕಾನೂನು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ.

‘ಅವನೇ ಒಪ್ಪುವುದಿಲ್ಲವಲ್ಲ’ ಎನ್ನುವಿರಾ? ತನಗೆ ರೋಗವಿಲ್ಲವೆಂಬ ಭಾವನೆಯೂ ಅನೇಕ ವೇಳೆ ರೋಗದ ಭಾಗವೇ. ಆದ್ದರಿಂದ ವಾದಿಸಿ ಗೆಲ್ಲಲು ಹೋಗಬೇಡಿ. ‘ನಿನಗೆ ಹುಚ್ಚು’ ಎನ್ನದೆ, ‘ನಿದ್ದೆಯಿಲ್ಲದೆ ಸೊರಗಿದ್ದೀಯಾ, ಒಮ್ಮೆ ಡಾಕ್ಟರರನ್ನು ನೋಡೋಣ, ನಾನೂ ಬರುತ್ತೇನೆ’ ಎನ್ನಿ. ಮನೆಯವರೆಲ್ಲ ಮುತ್ತಿಗೆ ಹಾಕುವುದು ಬೇಡ. ಆತ ಗೌರವಿಸುವ ಒಬ್ಬರು, ಸೋದರಮಾವನೋ ಇಮಾಮರೋ, ಶಾಂತ ಸಮಯ ನೋಡಿ ಮಾತಾಡಲಿ. ಮದುವೆಗೆ ಹೋಗೋಣವೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಒಯ್ಯಬೇಡಿ. ಒಮ್ಮೆ ವಿಶ್ವಾಸ ಮುರಿದರೆ ಔಷಧಿಯನ್ನೂ ನಂಬಲಾರ.

ಕುಡಿತಕ್ಕೆ ದಾಸನಾದವನನ್ನು ಮನೆಯಲ್ಲಿ ಕೂಡಿಹಾಕುವುದೂ ಅಪಾಯ. ಶರಾಬು ಹರಾಮ್ ಎಂಬುದರಲ್ಲಿ ಸಂಶಯವಿಲ್ಲ. ಆದರೆ ವರ್ಷಗಟ್ಟಲೆ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಕುತ್ತಾಗಬಹುದು. ವೈದ್ಯರ ಕಣ್ಗಾವಲಿನಲ್ಲಿಯೇ ಬಿಡಿಸಬೇಕು.

‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತಂತೂ ದೊಡ್ಡ ಅನ್ಯಾಯ. ರೋಗವನ್ನು ಮುಚ್ಚಿಟ್ಟು ನಿಕಾಹ್ ಮಾಡುವುದು ಪರರ ಮಗಳಿಗೆ ಮಾಡುವ ವಂಚನೆ. ಚಿಕಿತ್ಸೆಯಿಂದ ಚೇತರಿಸಿಕೊಂಡು, ವಿಷಯ ತಿಳಿಸಿ ಮದುವೆಯಾಗಲು ಯಾವ ಅಡ್ಡಿಯೂ ಇಲ್ಲ.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಈ ಸರಕಾರಿ ‘ಟೆಲಿ ಮಾನಸ್’ ಸೇವೆ ಉಚಿತ, ಕನ್ನಡದಲ್ಲೂ ಲಭ್ಯ. ರೋಗಿ ಸಾಯುವ ಮಾತಾಡಿದರೆ ಅಥವಾ ಇತರರ ಮೇಲೆ ಕೈಮಾಡಿದರೆ ಒಪ್ಪಿಗೆಗಾಗಿ ದಿನ ದೂಡದೆ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಿ. ಇಂತಹ ಸಂದರ್ಭದಲ್ಲಿ ಬಂಧುಗಳ ನೆರವಿನಿಂದ ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ.

ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದರು. ರೋಗಿಯ ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವುದು ಒಂಟೆಯನ್ನು ಕಟ್ಟಿದಂತೆ. ಆ ಬಳಿಕ ದುಆಕ್ಕಾಗಿ ಕೈಯೆತ್ತೋಣ. ಶಮನ ನೀಡುವವನು ಅವನೊಬ್ಬನೇ.