ಘಮದಿಂದ ಮಾವಿನ ತಳಿ ಗುರುತಿಸುವುದು

ಮಾವಿನ ತಳಿಯನ್ನು ಪರಿಮಳದಿಂದ ಗುರುತಿಸಲು ಬಳಸುವ ಮುಖ್ಯ ಉಪಕರಣ ಗ್ಯಾಸ್ ಕ್ರೊಮ್ಯಾಟೊಗ್ರಾಫ್. ತಿರುಳಿನಿಂದ ಹೊಮ್ಮುವ ಆವಿಯಲ್ಲಿನ ಸಂಯುಕ್ತಗಳನ್ನು ಅದು ಬಿಡಿಬಿಡಿಯಾಗಿಸುತ್ತದೆ. ಜೊತೆಗಿರುವ ಮಾಸ್ ಸ್ಪೆಕ್ಟ್ರೋಮೀಟರ್ ಅವು ಯಾವುವೆಂದು ತಿಳಿಸುತ್ತದೆ. ಕರ್ನಾಟಕದಲ್ಲಿ ಬಾದಾಮಿ ಎನಿಸಿಕೊಂಡ ಆಲ್ಫಾನ್ಸೊದಲ್ಲಿ ಓಸಿಮೀನ್, ಮಿರ್ಸೀನ್‌ನಂಥ ಟರ್ಪೀನುಗಳೇ ಹೆಚ್ಚು. ಮಾಗಿದಾಗ ಲ್ಯಾಕ್ಟೋನು, ಫ್ಯುರನೋನುಗಳೂ ಸೇರುತ್ತವೆ. ಇವು ಅಲ್ಪ ಪ್ರಮಾಣದಲ್ಲಿದ್ದರೂ ಆ ಹಣ್ಣಿನ ಘಮಕ್ಕೆ ಬಹುಮುಖ್ಯ.

ಟರ್ಪೀನುಗಳು ಬೇರೆ ತಳಿಗಳಲ್ಲೂ ಇರುವುದರಿಂದ ಒಂದೇ ಸಂಯುಕ್ತವನ್ನು ನಂಬಿ ತಳಿ ಹೇಳಲಾಗದು. ಹತ್ತಾರು ಸಂಯುಕ್ತಗಳ ಪ್ರಮಾಣವನ್ನು ಒಟ್ಟಿಗೆ ನೋಡಬೇಕು. ಕಾರ್ಲ್ ಪಿಯರ್ಸನ್ 1901ರಲ್ಲಿ ಮಂಡಿಸಿದ, ಇಂದು ಪ್ರಧಾನ ಘಟಕ ವಿಶ್ಲೇಷಣೆ ಎನ್ನುವ ವಿಧಾನ ಇದಕ್ಕೆ ನೆರವಾಗುತ್ತದೆ. ಅತಿ ಹೆಚ್ಚು ವ್ಯತ್ಯಾಸವಿರುವ ದಿಕ್ಕುಗಳನ್ನು ಅದು ಹುಡುಕಿಕೊಡುತ್ತದೆ. ಆದರೆ ಆ ವ್ಯತ್ಯಾಸ ತಳಿಯದೇ ಆಗಿರಬೇಕಿಲ್ಲ. ಪ್ರಯೋಗಾಲಯದ ಅನುಭವ ಕಲಿಸುವ ಮೊದಲ ಪಾಠವೇ ಇದು: ಆ ದಿಕ್ಕುಗಳಲ್ಲಿ ಮೊದಲನೆಯದರಲ್ಲಿ ಎಷ್ಟೋ ಸಲ ಎದ್ದು ಕಾಣುವುದು ಮಾಗುವಿಕೆ. ಒಂದೇ ಮರದ ದೋರೆಗಾಯಿಗೂ ಪೂರ್ತಿ ಹಣ್ಣಿಗೂ ಇರುವ ಅಂತರ, ಬಾದಾಮಿಗೂ ರಸಪುರಿಗೂ ಇರುವ ಅಂತರವನ್ನು ಮರೆಮಾಡಬಲ್ಲದು. ಆದ್ದರಿಂದ ಬಲಿತ ಕಾಯಿಗಳನ್ನೇ ಆರಿಸಿ, ಒಂದೇ ಉಷ್ಣತೆಯಲ್ಲಿ ಮಾಗಿಸಿ, ಬ್ರಿಕ್ಸ್ (ಸಕ್ಕರೆಯಂಶದ ಅಳತೆ) ಮತ್ತು ಗಟ್ಟಿತನವನ್ನು ಬರೆದಿಡಬೇಕು. ಹುಲ್ಲಿನಲ್ಲಿ ಮಾಗಿಸಿದ್ದನ್ನೂ ಎಥಿಲೀನ್ ಕೋಣೆಯಲ್ಲಿ ಮಾಗಿಸಿದ್ದನ್ನೂ ಬೆರೆಸಬಾರದು. ಒಂದು ದಿನ ಒಂದು ತಳಿ, ಮರುದಿನ ಇನ್ನೊಂದು ಎಂದು ಉಪಕರಣಕ್ಕೆ ಕೊಟ್ಟರೆ ದಿನದ ವ್ಯತ್ಯಾಸವೇ ತಳಿಯ ವ್ಯತ್ಯಾಸವಾಗಿ ತೋರುತ್ತದೆ; ಮಾದರಿಗಳ ಸರದಿಯನ್ನು ಕಲೆಸಿಯೇ ಓಡಿಸಬೇಕು.

ತಳಿಯ ಹೆಸರನ್ನು ಮೊದಲೇ ತಿಳಿಸಿ ವಿಂಗಡಿಸುವ ವಿಧಾನವನ್ನು ರೊನಾಲ್ಡ್ ಫಿಷರ್ 1936ರಲ್ಲಿ ಐರಿಸ್ ಹೂಗಳ ಅಳತೆಗಳಿಂದಲೇ ತೋರಿಸಿದರು. ಅಲ್ಲಿ ಹೂಗಳು 150, ಅಳತೆಗಳು ನಾಲ್ಕು. ಮಾವಿನಲ್ಲಿ ಇದು ತಿರುವುಮುರುವಾಗುತ್ತದೆ: ಹಣ್ಣು ಕಡಿಮೆ, ಸಂಯುಕ್ತಗಳು ಹೆಚ್ಚು. ಆಗ ಹೆಸರುಗಳನ್ನು ಮನಬಂದಂತೆ ಅದಲುಬದಲು ಮಾಡಿದರೂ ಗುಂಪುಗಳು ಚೆಂದವಾಗಿ ಬೇರ್ಪಡುತ್ತವೆ. ಈ ಅದಲುಬದಲು ಪರೀಕ್ಷೆ ಮಾಡದ ಫಲಿತಾಂಶವನ್ನು ಒಪ್ಪಲಾಗದು. ಇಡೀ ಒಂದು ತೋಟವನ್ನು ಲೆಕ್ಕದಿಂದ ಹೊರಗಿಟ್ಟು, ಆ ತೋಟದ ಹಣ್ಣನ್ನು ಗುರುತಿಸಲು ಹೇಳುವುದು ಇನ್ನೂ ಕಠಿಣ, ಇನ್ನೂ ಪ್ರಾಮಾಣಿಕ.

ತಳಿ ಯಾವುದು, ಬೆಳೆದ ನೆಲ ಯಾವುದು ಎಂಬವು ಬೇರೆ ಬೇರೆ ಪ್ರಶ್ನೆಗಳು. ರತ್ನಾಗಿರಿ, ಸಿಂಧುದುರ್ಗ ಸೇರಿದಂತೆ ಕೊಂಕಣದ ಆಲ್ಫಾನ್ಸೊಗೆ 2018ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಧಾರವಾಡದಲ್ಲಿ, ರಾಮನಗರದಲ್ಲಿ ಕಸಿಯಿಂದ ಬೆಳೆದದ್ದೂ ಅದೇ ತಳಿಯಾದ್ದರಿಂದ ಡಿಎನ್ಎ ಇಲ್ಲಿ ಊರು ಹೇಳಲಾರದು; ಮಣ್ಣು, ನೀರಿನ ಗುರುತು ಹೊತ್ತ ಖನಿಜಾಂಶ ಮತ್ತು ಐಸೊಟೋಪುಗಳನ್ನು ಅಳೆಯಬೇಕು. ತೋಟದ ಹೆಸರು, ಕೊಯ್ಲಿನ ದಿನಾಂಕ ಇಲ್ಲದೆ ಮಂಡಿಯಿಂದ ತಂದ ಹಣ್ಣನ್ನು ಇಂಥ ಅಧ್ಯಯನಕ್ಕೆ ಮೂಲಮಾದರಿಯಾಗಿ ಇಟ್ಟುಕೊಳ್ಳಲೇಬಾರದು.